ಪಟ್ಟು ಹಿಡಿಯುವುದೂ ಬಿಡುವುದೂ

ಪಟ್ಟು ಎಂಬುದು ನಮ್ಮಲ್ಲಿ ಹಟಕ್ಕೂ ಹೆಸರು, ಮಲ್ಲರ ಹಿಡಿತಕ್ಕೂ ಹೆಸರು. ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಜಾತ್ರೆಯ ಕುಸ್ತಿಯಲ್ಲಿ ಎದುರಾಳಿಯು ಬೆನ್ನು ಮಣ್ಣಿಗೆ ತಾಗಿ ಚಿತ್ತಾದನೆಂದರೆ ಪಂದ್ಯ ಮುಗಿಯಿತು, ಅವನನ್ನು ನರಳಿಸಬೇಕಾದುದಿಲ್ಲ. ಆದರೆ ಕೀಲನ್ನು ತಿರುಚಿ ‘ಸೋತೆ’ ಎನ್ನಿಸುವ ಮಲ್ಲವಿದ್ಯೆಯೂ ಲೋಕದಲ್ಲುಂಟು. ಅದರಲ್ಲಿ ಅತ್ಯಂತ ನೋವಿನ ಪಟ್ಟು ಯಾವುದೆಂದು ತರುಣರು ಕೇಳುವರು.

ಮೊಳಕೈಯನ್ನು ಮಡಿಸಿ ಮುಂಗೈಯನ್ನು ಬೆನ್ನಿನ ಕಡೆಗೆ ತಿರುಚಿದರೆ ಭುಜದ ಕೀಲು ಸಂಕಟಪಡುವುದು. ಈ ಪಟ್ಟಿಗೆ ಕಿಮುರಾ ಎಂದು ಹೆಸರು. 1951ರಲ್ಲಿ ರಿಯೋ ಡಿ ಜನೈರೋ ನಗರದ ಮರಕಾನಾ ಕ್ರೀಡಾಂಗಣದಲ್ಲಿ ಜಪಾನಿನ ಮಸಾಹಿಕೊ ಕಿಮುರಾ ಇದನ್ನು ಹಾಕಿದಾಗ ಬ್ರೆಜಿಲಿನ ಎಲಿಯೊ ಗ್ರೇಸಿಯ ತೋಳು ಮುರಿಯಿತು. ಆದರೂ ಆತನು ಸೋಲೊಪ್ಪಲಿಲ್ಲ. ಕೊನೆಗೆ ಆತನ ಕಡೆಯವರೇ ಪಂದ್ಯವನ್ನು ನಿಲ್ಲಿಸಿದರು. ಒಬ್ಬನದು ತೋಳಿನ ಪಟ್ಟು, ಇನ್ನೊಬ್ಬನದು ಹಟದ ಪಟ್ಟು. ನಡುವೆ ಎಲುಬು ಬಲಿಯಾಯಿತು.

ಆದರೆ ನನಗೆ ಹೆಚ್ಚು ಭಯವಾಗುವುದು ಹಿಮ್ಮಡಿಯನ್ನು ತಿರುಚುವ ಪಟ್ಟಿನಿಂದ. ಅಲ್ಲಿ ನೋವು ತಡವಾಗಿ ಬರುವುದು. ಬರುವಷ್ಟರಲ್ಲಿ ಮೊಣಕಾಲಿನ ಅಸ್ಥಿರಜ್ಜು ಹರಿದಿರಬಹುದು. ನೋವು ವೈರಿಯಲ್ಲ, ಎಚ್ಚರಿಸುವ ದೂತ. ಆ ದೂತನ ಮಾತನ್ನು ಕೇಳಬೇಕಾದವರು ಇಬ್ಬರು: ಸಿಕ್ಕಿಬಿದ್ದವನು ಎದುರಾಳಿಯ ಮೈಯನ್ನೋ ನೆಲವನ್ನೋ ತಟ್ಟಿ ಸೋಲೊಪ್ಪಬೇಕು, ಹಿಡಿದವನು ಆ ಕ್ಷಣವೇ ಬಿಡಬೇಕು.

ಮೈಸೂರು ದಸರೆಯ ವಜ್ರಮುಷ್ಟಿ ಕಾಳಗದಲ್ಲಿ ತಲೆಯಿಂದ ಮೊದಲ ರಕ್ತ ಚಿಮ್ಮಿದೊಡನೆ ಜೆಟ್ಟಿಗಳನ್ನು ಬಿಡಿಸುವರು. ಅಷ್ಟು ಉಗ್ರವಾದ ಆಟಕ್ಕೂ ಹಿರಿಯರು ಮೇರೆಯನ್ನಿಟ್ಟರು. ಮಗನನ್ನು ಗರಡಿಗೆ ಕಳುಹಿಸುವ ತಂದೆತಾಯಿಗಳು ಎಷ್ಟು ಪಟ್ಟುಗಳನ್ನು ಕಲಿತನೆಂದು ಕೇಳುವ ಮೊದಲು, ಬಿಡುವುದನ್ನು ಕಲಿತನೇ ಎಂದು ಕೇಳಲಿ.