ಮೊಮ್ಮಗ ಅಳಿಸಿದ ಲೆಕ್ಕ

ನಮ್ಮ ಮಂಡ್ಯ ಸೀಮೆಯ ಪೌರಾಣಿಕ ನಾಟಕದ ಹುಚ್ಚನ್ನು ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. ಇಲ್ಲಿ ಪಾತ್ರ ಮಾಡುವವನಿಗೆ ಸಂಬಳವಿಲ್ಲ, ಅವನೇ ದುಡ್ಡು ಕೊಟ್ಟು ಪಾತ್ರ ಹಿಡಿಯಬೇಕು. ‘ಕುರುಕ್ಷೇತ್ರ’ ನಾಟಕವಾದರೆ ದುರ್ಯೋಧನನಿಗೆ ಒಂದು ದರ, ಕರ್ಣನಿಗೆ ಇನ್ನೊಂದು ದರ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸುತ್ತಾರೆ. ಸೀನರಿ ಬಾಡಿಗೆಯದು, ಕಿರೀಟವೂ ಬಾಡಿಗೆಯದು. ರಾತ್ರಿ ಶುರುವಾದರೆ ಬೆಳಗಿನ ಜಾವಕ್ಕೆ ಮಂಗಳ. ಮಳವಳ್ಳಿ ತಾಲ್ಲೂಕಿನ ನಮ್ಮೂರಲ್ಲಿ ನಮ್ಮಣ್ಣ ಒಂದು ವರ್ಷ ಬೆಲ್ಲ ಮಾರಿದ ದುಡ್ಡು ಹಾಕಿ ಕರ್ಣನಾದ. ಬೆಳಗ್ಗೆ ಬಣ್ಣ ತೊಳೆದು ಮನೆಗೆ ಬಂದಾಗ ಅತ್ತಿಗೆ ಕೇಳಿದ್ದು ಒಂದೇ ಮಾತು: “ಅಲ್ಲಾ, ಈಗ ನಿಮ್ಮತ್ರ ಉಳ್ಕಂಡಿದ್ದೇನು?” ಅಣ್ಣ ಉತ್ತರ ಕೊಡಲಿಲ್ಲ. ಮುದ್ದೆ ಮುರಿದ.

ಅದೇ ಪ್ರಶ್ನೆ ನಮ್ಮ ಮನೆಯಲ್ಲಿ ಹೋದ ವರ್ಷ ಮತ್ತೆ ಬಂತು. ಈ ಸಲ ವಿಡಿಯೊ ಗೇಮಿನ ದೆಸೆಯಿಂದ.

ನಾನು ಓದಿದ್ದು ಬಿ.ಕಾಂ. ಮಳವಳ್ಳಿ, ಮದ್ದೂರು ಶಾಖೆಗಳಲ್ಲಿ ಲೆಡ್ಜರ್ ಬರೆದು ನಿವೃತ್ತನಾದ ಬ್ಯಾಂಕ್ ಗುಮಾಸ್ತ. ಈಗ ಮಂಡ್ಯದಲ್ಲಿ ಮಗಳ ಮನೆಯಲ್ಲಿದ್ದೇನೆ. ಮೊಮ್ಮಗ ಎಂಜಿನಿಯರಿಂಗ್ ಎರಡನೇ ವರ್ಷ. ವಯಸ್ಸಾದವರಿಗೆ ನಿದ್ದೆ ಕಡಿಮೆ, ವಯಸ್ಸಿನ ಹುಡುಗರಿಗೆ ನಿದ್ದೆ ಬೇಡ. ಹಾಗಾಗಿ ದಸರಾ ರಜೆಯ ರಾತ್ರಿಗಳಲ್ಲಿ ಅವನು ಆಡುತ್ತಿದ್ದ, ನಾನು ಪಕ್ಕದಲ್ಲಿ ಕುಳಿತು ನೋಡುತ್ತಿದ್ದೆ.

ಆಟದ ಹೆಸರು ‘ನಿಯರ್: ಆಟೋಮೆಟಾ’. 2017ರಲ್ಲಿ ಜಪಾನಿನಿಂದ ಬಂದದ್ದು. ನಿರ್ದೇಶಕ ಯೋಕೊ ತಾರೊ. ಈ ಮನುಷ್ಯ ಸಭೆಗಳಿಗೆ ಬರುವಾಗ ಚಂದ್ರನಂಥ ದುಂಡನೆಯ ಮುಖವಾಡ ತೊಟ್ಟುಕೊಂಡೇ ಬರುತ್ತಾನೆ. ನಮ್ಮ ನಾಟಕದವರಿಗೂ ಇಷ್ಟು ಶೋಕಿ ಇಲ್ಲ!

ಕಥೆ ನಡೆಯುವುದು 11945ನೇ ಇಸವಿಯಲ್ಲಿ. ಅನ್ಯಗ್ರಹದವರು ಯಂತ್ರಗಳನ್ನು ಕಳಿಸಿ ಭೂಮಿಯನ್ನು ಹಿಡಿದಿದ್ದಾರೆ. ಮನುಷ್ಯರು ಚಂದ್ರನ ಮೇಲೆ ಆಶ್ರಯ ಪಡೆದಿದ್ದಾರಂತೆ. ಅವರ ಪರವಾಗಿ ಯುದ್ಧ ಮಾಡಲು ಮನುಷ್ಯರೂಪದ ರೋಬಾಟುಗಳಿವೆ. ಅವುಗಳಲ್ಲಿ ಟೂ-ಬಿ ಎಂಬ ಹುಡುಗಿ, ನೈನ್-ಎಸ್ ಎಂಬ ಹುಡುಗ ಮುಖ್ಯ. ಕತ್ತಿ ಬೀಸುವುದು, ಗುಂಡು ಹಾರಿಸುವುದು ಎಲ್ಲ ಧಾರಾಳವಾಗಿದೆ. ಪುಟಾಣಿಗಳೇ, ಈಗಲೇ ಹೇಳಿಬಿಡುತ್ತೇನೆ, ಈ ಆಟ ನಿಮಗಲ್ಲ. ಅಮೆರಿಕದಲ್ಲಿ ಇದಕ್ಕೆ 17 ತುಂಬಿದವರ ಆಟವೆಂದು ಮುದ್ರೆ ಹಾಕಿದ್ದಾರೆ. ಕಥೆ ಕೇಳುವುದಕ್ಕೆ ಮಾತ್ರ ಅಡ್ಡಿಯಿಲ್ಲ.

ಹೊಡೆದಾಟ ನನಗೆ ಬೇಗ ಬೇಸರವಾಯಿತು. ಕಣ್ಣು ನೆಟ್ಟಿದ್ದು ಆ ಯಂತ್ರಗಳ ಮೇಲೆ. ತಗಡಿನ ಡಬ್ಬದಂಥ ತಲೆ, ಗುಂಡಾದ ಕಣ್ಣು. ಅವು ಮನುಷ್ಯರನ್ನು ನೋಡಿ ಕಲಿಯತೊಡಗಿವೆ. ಕೆಲವು ರಾಜನನ್ನು ಮಾಡಿಕೊಂಡಿವೆ, ಕೆಲವು ದೇವರನ್ನು. ಕೆಲವು ಪಾಳುಬಿದ್ದ ಜಾತ್ರೆ ಮೈದಾನದಂಥ ಕಡೆ ಕಾಗದ ಎರಚಿ ಕುಣಿಯುತ್ತವೆ. ಒಂದಿಷ್ಟು ಯಂತ್ರಗಳು ಯುದ್ಧವೇ ಬೇಡವೆಂದು ಬಿಳಿ ಬಾವುಟ ಕಟ್ಟಿ ಹಳ್ಳಿ ಮಾಡಿಕೊಂಡಿವೆ. ಆ ಹಳ್ಳಿಯ ಯಜಮಾನನ ಹೆಸರು ಪ್ಯಾಸ್ಕಲ್.

ಆ ಹೆಸರು ಕೇಳಿ ನಾನು ನೆಟ್ಟಗೆ ಕುಳಿತೆ. ಫ್ರಾನ್ಸಿನ ಪ್ಯಾಸ್ಕಲ್ 17ನೇ ಶತಮಾನದ ಗಣಿತಜ್ಞ, ದೊಡ್ಡ ತತ್ತ್ವಜ್ಞಾನಿ. ತೆರಿಗೆ ಅಧಿಕಾರಿಯಾಗಿದ್ದ ಅವನ ತಂದೆ ದಿನವಿಡೀ ಲೆಕ್ಕ ಕೂಡಿ ಸುಸ್ತಾಗುತ್ತಿದ್ದುದನ್ನು ಕಂಡು, ಇನ್ನೂ 20 ತುಂಬದ ಮಗ ಕೂಡುವ ಯಂತ್ರ ಮಾಡಹೊರಟ. ಗುಮಾಸ್ತರ ಕುಲಕ್ಕೆ ಅವನು ಬೇಕಾದವನು. ಅದೇ ಹಳ್ಳಿಯಲ್ಲಿ ಜಾನ್ ಪಾಲ್ ಎಂಬ ಇನ್ನೊಂದು ಯಂತ್ರವಿದೆ. ತತ್ತ್ವಜ್ಞಾನಿ ಸಾರ್ತ್ರನ ಹೆಸರು ಅದು. ಊರಿನ ಹೆಣ್ಣು ಯಂತ್ರಗಳು ಇದಕ್ಕೆ ಉಡುಗೊರೆ ತಂದುಕೊಡುತ್ತವೆ, ಇದೋ ಯಾರನ್ನೂ ಲೆಕ್ಕಕ್ಕಿಡದೆ ದೊಡ್ಡ ದೊಡ್ಡ ಮಾತಾಡುತ್ತ ಕೂತಿರುತ್ತದೆ. ಇಂಥವರನ್ನು ನಾನು ಮದ್ದೂರು ರೈಲ್ವೆ ಸ್ಟೇಷನ್ನಿನಲ್ಲಿ ವಡೆ ತಿನ್ನುತ್ತ ಬೇಕಾದಷ್ಟು ನೋಡಿದ್ದೇನೆ.

ಆಟ ಒಮ್ಮೆ ಮುಗಿದರೆ ಮುಗಿಯಲಿಲ್ಲ. ಅದೇ ಕಥೆಯನ್ನು ಎರಡನೇ ಸಲ ಹುಡುಗನ ಕಣ್ಣಿನಿಂದ ಆಡಬೇಕು. ಮೊದಲ ಸಲ ಬರೀ ಶತ್ರುವೆಂದು ಹೊಡೆದುಹಾಕಿದ ಯಂತ್ರಕ್ಕೂ ಒಂದು ದುಃಖವಿತ್ತೆಂದು ಆಗ ತಿಳಿಯುತ್ತದೆ. ಮೊಮ್ಮಗ ಒಂದು ಕಡೆ ಗುಂಡಿ ಒತ್ತುವುದನ್ನೇ ನಿಲ್ಲಿಸಿದ. “ತಾತ, ಹೋದ್ಸಲ ಇದನ್ನ ಹೊಡ್ದಾಗ ಖುಷಿಯಾಗಿತ್ತು ಕಣ್ ತಾತ.” ನಮ್ಮ ನಾಟಕದಲ್ಲೂ ದುರ್ಯೋಧನನ ಹಾಡಿಗೇ ಶಿಳ್ಳೆ ಜಾಸ್ತಿ, ಅವನ ಕಷ್ಟಕ್ಕೆ ಅಳುವವರೂ ಇದ್ದಾರೆ. ಆದರೆ ಅಲ್ಲಿ ನಾವು ಚಾಪೆಯ ಮೇಲೆ ಕೂತವರು. ಇಲ್ಲಿ ಹೊಡೆದದ್ದು ಇವನ ಕೈ.

ಒಟ್ಟು 26 ಅಂತ್ಯಗಳಿವೆಯಂತೆ, ಇಂಗ್ಲಿಷ್ ಅಕ್ಷರಮಾಲೆಗೆ ಸರಿಯಾಗಿ. ಮುಖ್ಯವಾದವು ಐದು. ಐದನೆಯದನ್ನು ಹೇಳಿದರೆ ಮಜಾ ಹೋಗುತ್ತದೆ ಎಂದು ಮೊಮ್ಮಗನ ತಕರಾರು. ಕರ್ಣ ಸಾಯುತ್ತಾನೆಂದು ಗೊತ್ತಿದ್ದೂ ನಾವು ರಾತ್ರಿಯಿಡೀ ಕೂರುವುದಿಲ್ಲವೇ? ಹೇಳುತ್ತೇನೆ.

ಕೊನೆಯಲ್ಲಿ ಆಟ ತಯಾರಿಸಿದವರ ಹೆಸರುಗಳು ಪರದೆಯ ಮೇಲೆ ಬರುತ್ತವೆ. ಆ ಹೆಸರುಗಳೇ ಆಟಗಾರನ ಮೇಲೆ ಗುಂಡು ಹಾರಿಸುತ್ತವೆ! ಒಬ್ಬನೇ ಗೆಲ್ಲುವುದು ಬಲು ಕಷ್ಟ. ಮೊಮ್ಮಗ ಮತ್ತೆ ಮತ್ತೆ ಸೋತ. ಆಗ ಸಹಾಯ ಬೇಕೇ ಎಂಬ ಪ್ರಶ್ನೆ ಬಂತು. ಬೇಕೆಂದ ಕೂಡಲೇ ಎಲ್ಲೆಲ್ಲಿಯವೋ ಪುಟ್ಟ ವಿಮಾನಗಳು ಬಂದು ಇವನ ಸುತ್ತ ನಿಂತವು. ಒಂದೊಂದೂ ಎಂದೋ ಈ ಆಟ ಆಡಿದ ನಿಜವಾದ ಮನುಷ್ಯನದು. ಒಂದಕ್ಕೆ ಗುಂಡು ತಗುಲಿದರೆ, ಇಂಥವರ ದಾಖಲೆ ಹೋಯಿತೆಂದು ಹೆಸರಿನ ಸಮೇತ ತೋರಿಸುತ್ತದೆ.

ಗೆದ್ದ ಮೇಲೆ ಆಟ ಇವನನ್ನು ಕೇಳಿತು: ನೀನೂ ಹಾಗೆಯೇ ಬೇರೆಯವರಿಗೆ ನೆರವಾಗುತ್ತೀಯಾ? ಆಗುವುದಾದರೆ ನೀನು ಉಳಿಸಿಟ್ಟದ್ದೆಲ್ಲ ಅಳಿಸಿಹೋಗುತ್ತದೆ. ಯಾರಿಗೆ ನೆರವಾಗುತ್ತೀಯೋ ಅವನ ಗುರುತು ನಿನಗಿರುವುದಿಲ್ಲ, ಅವನು ನಿನಗೆ ಆಗದವನೂ ಆಗಿರಬಹುದು.

50 ಗಂಟೆಗೂ ಮೀರಿದ ಗಳಿಕೆ. ಮೊಮ್ಮಗ ನನ್ನ ಮುಖ ನೋಡಿದ. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಒಂದು ನಿಮಿಷ ಸುಮ್ಮನಿದ್ದು ಗುಂಡಿ ಒತ್ತಿದ. ಆಯುಧ, ನಕ್ಷೆ, ಕೂಡಿಟ್ಟ ಸಾಮಾನು ಎಲ್ಲ ಒಂದೊಂದಾಗಿ ಕಣ್ಣೆದುರೇ ಅಳಿಸಿಹೋದವು.

ಬೆಳಗ್ಗೆ ವಿಷಯ ತಿಳಿದ ಮಗಳು ಅತ್ತಿಗೆಯ ಮಾತನ್ನೇ ಆಡಿದಳು: “ಇಷ್ಟು ದಿನ ನಿದ್ದೆಗೆಟ್ಟು ಉಳ್ದಿದ್ದೇನೋ?” ಅವನು, “ಯಾರಿಗೋ ಉಪಯೋಗ ಆಗತ್ತಲ್ಲಮ್ಮ” ಎಂದ.

ಲೆಡ್ಜರ್ ಬರೆದ ತಲೆ ನನ್ನದು, ಒಂದು ಖರ್ಚಿಗೆ ಒಂದು ಜಮಾ ಹುಡುಕುತ್ತದೆ. ಕರ್ಣ ಕವಚ ಕುಂಡಲ ಕೊಟ್ಟಾಗಲೂ ಬೇಡಲು ಬಂದವನು ಇಂದ್ರನೆಂದು ಅವನಿಗೆ ಗೊತ್ತಿತ್ತು. ಸೂರ್ಯನೇ ಕನಸಿನಲ್ಲಿ ಬಂದು ಎಚ್ಚರಿಸಿದ್ದ. ಪ್ರತಿಯಾಗಿ ಶಕ್ತ್ಯಾಯುಧವೂ ಸಿಕ್ಕಿತು. ಇವನಿಗೆ ವೋಚರೂ ಇಲ್ಲ, ರಸೀದಿಯೂ ಇಲ್ಲ. ಆದರೂ ಎರಡು ದಿನ ಅವನ ಮುಖದಲ್ಲಿದ್ದ ಕಳೆ, ನಮ್ಮಣ್ಣ ಬಣ್ಣ ತೊಳೆದು ಬಂದ ಬೆಳಗಿನದೇ.

ನಮ್ಮ ಕಥೆಗಳಿಗೂ ಇಂಥ ಆಟವಾಗುವ ಯೋಗ್ಯತೆಯಿದೆ. ಪುಣೆಯ ತಂಡವೊಂದು 2020ರಲ್ಲಿ ‘ರಾಜಿ’ ಎಂಬ ಆಟ ಮಾಡಿತು. ರಾಕ್ಷಸರು ಎತ್ತಿಕೊಂಡು ಹೋದ ತಮ್ಮನನ್ನು ಹುಡುಕಿ ಹೊರಡುವ ಅಕ್ಕನ ಕಥೆ, ನಡುನಡುವೆ ತೊಗಲುಗೊಂಬೆಯಾಟದಂಥ ದೃಶ್ಯಗಳು. ನಮ್ಮಲ್ಲಿ ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುವ ಮಂಟೇಸ್ವಾಮಿ ಕಾವ್ಯವಿಲ್ಲವೇ? ಕಬ್ಬಿಣದ ಭಿಕ್ಷೆಗೆಂದು ಸಿದ್ದಪ್ಪಾಜಿ ಮಳವಳ್ಳಿ ತಾಲ್ಲೂಕಿನ ಹಲಗೂರಿಗೆ ಹೋಗಿ ಪಾಂಚಾಳರು ಒಡ್ಡಿದ ಪರೀಕ್ಷೆಗಳನ್ನೆಲ್ಲ ಗೆಲ್ಲುತ್ತಾನೆ. ಒಂದೊಂದು ಪರೀಕ್ಷೆಯೂ ಆಟದ ಒಂದೊಂದು ಹಂತ. ಮೊಮ್ಮಗನಿಗೆ ಹೇಳಿದ್ದೇನೆ. “ಮೊದ್ಲು ಡಿಗ್ರಿ ಮುಗೀಲಿ ತಾತ” ಅಂದಿದ್ದಾನೆ.

ಅವನ ದಾಖಲೆ ಯಾವ ದೇಶದ ಯಾರಿಗೆ ಒದಗಿತೆಂದು ಆಗಾಗ ಕೇಳುತ್ತಿರುತ್ತೇನೆ. ಗೊತ್ತಾಗುವುದಿಲ್ಲವಂತೆ. ಸದ್ಯ ಸೆಮಿಸ್ಟರ್ ಪರೀಕ್ಷೆ. ಅದು ಮುಗಿದ ಮೇಲೆ, ಹಳೆಯ ಗಳಿಕೆ ಒಂದೂ ಇಲ್ಲದೆ, ಮೊದಲಿಂದ ಶುರು ಮಾಡುತ್ತಾನೆ. ಪ್ಯಾಸ್ಕಲ್‌ನ ಹಳ್ಳಿ ಬಂದಾಗ ನನ್ನನ್ನು ಎಬ್ಬಿಸಲು ಹೇಳಿದ್ದೇನೆ.