ಹಿಟ್ಟಿನ ಕೋಳಿ ಮತ್ತು ಬೆಳಕಿನ ಹಕ್ಕಿ

ಜೈನಾಚಾರದಲ್ಲಿ ಹುಟ್ಟಿ ಬೆಳೆದವರಿಗೆ ಅಹಿಂಸೆಯ ವಿಷಯದಲ್ಲಿ ಒಂದು ಬಗೆಯ ನಿಶ್ಚಿಂತೆ ಬಂದುಬಿಡುತ್ತದೆ. ನೀರು ಸೋಸಿ ಕುಡಿಯುತ್ತೇವೆ, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುತ್ತೇವೆ, ಕಂದಮೂಲಗಳನ್ನು ಬಿಟ್ಟಿದ್ದೇವೆ. ಇನ್ನು ನಮ್ಮಿಂದ ಹಿಂಸೆ ಎಲ್ಲಿಯದು ಎಂದು ತಿಳಿಯುತ್ತೇವೆ. ನಾನೂ ಹಾಗೆಯೇ ತಿಳಿದಿದ್ದೆ. ಆ ನಿಶ್ಚಿಂತೆ ಕೆಲವು ತಿಂಗಳ ಹಿಂದೆ ಹತ್ತೇ ನಿಮಿಷಗಳಲ್ಲಿ ಕರಗಿಹೋಯಿತು. ಅದನ್ನು ಧರ್ಮಬಂಧುಗಳ ಮುಂದೆ ಮರೆಮಾಚದೆ ಹೇಳಿಕೊಳ್ಳುವುದು ಉಚಿತವೆನಿಸಿ ಈ ಲೇಖನ.

ನಮ್ಮ ಮನೆ ತುಮಕೂರಿನ ಬಟವಾಡಿಯಲ್ಲಿದೆ. ಎಂಜಿನಿಯರಿಂಗ್ ಓದುತ್ತಿರುವ ಮೊಮ್ಮಗ ತನ್ನ ಕಾಲೇಜಿನ ಪ್ರದರ್ಶನಕ್ಕೆ ನನ್ನನ್ನೂ ನನ್ನ ಶ್ರೀಮತಿಯವರನ್ನೂ ಕರೆದೊಯ್ದ. ಒಂದು ಸಭಾಂಗಣದಲ್ಲಿ ‘ವರ್ಚುವಲ್ ರಿಯಾಲಿಟಿ’ಯನ್ನು ಬಂದವರೇ ಮುಟ್ಟಿ, ಧರಿಸಿ ನೋಡುವ ಏರ್ಪಾಡಿತ್ತು. ಕಣ್ಣುಗಳನ್ನು ಪೂರ್ತಿ ಮುಚ್ಚುವ ದಪ್ಪ ಕನ್ನಡಕ. ಒಳಗೆ ಎರಡು ಕಣ್ಣಿಗೂ ತುಸು ಬೇರೆಬೇರೆಯಾದ ಚಿತ್ರ. ಎರಡನ್ನೂ ಮನಸ್ಸು ಕೂಡಿಸಿ ಆಳವುಳ್ಳ ಒಂದೇ ದೃಶ್ಯವಾಗಿ ಕಾಣುತ್ತದೆ. ಈ ತತ್ತ್ವವನ್ನು ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟೋನ್ 1838ರಲ್ಲಿಯೇ ವಿವರಿಸಿದ್ದ. ತಲೆ ತಿರುಗಿಸಿದಂತೆ ದೃಶ್ಯವೂ ತಿರುಗುವ ಯಂತ್ರವನ್ನು ಅಮೆರಿಕದ ಐವಾನ್ ಸದರ್‌ಲ್ಯಾಂಡ್ 1968ರಲ್ಲಿ ತೋರಿಸಿದ. ಪಕ್ಕದ ಮೇಜಿನಲ್ಲಿ ಇದರ ಸೋದರ ವಿದ್ಯೆಯಾದ ‘ಆಗ್ಮೆಂಟೆಡ್ ರಿಯಾಲಿಟಿ’ ಇತ್ತು. ಅದರಲ್ಲಿ ನಮ್ಮ ಮುಂದಿನ ಲೋಕ ಮರೆಯಾಗುವುದಿಲ್ಲ. ಅದರ ಮೇಲೆ ಇಲ್ಲದ ವಸ್ತುವೊಂದು ಕೂಡಿಕೊಳ್ಳುತ್ತದೆ. ಫೋನನ್ನು ಬರಿಯ ಮೇಜಿನತ್ತ ಹಿಡಿದರೆ, ಅದರ ಮೇಲೆ ಮನುಷ್ಯನ ಹೃದಯ ಮಿಡಿಯುತ್ತಿರುವುದು ಕಾಣುತ್ತಿತ್ತು.

ಮೊದಲು ನನ್ನ ಶ್ರೀಮತಿಯವರು ಕನ್ನಡಕ ಧರಿಸಿದರು. ನಮ್ಮೂರಿನ ಸಮೀಪದ ಮಂದರಗಿರಿಯ ಮೇಲಿನ ಬಸದಿಗಳನ್ನು ವಿದ್ಯಾರ್ಥಿಗಳು ಸುತ್ತಲೂ ಚಿತ್ರೀಕರಿಸಿ ಅದರಲ್ಲಿ ಅಳವಡಿಸಿದ್ದರು. ಬೆಟ್ಟಕ್ಕೆ ನಾನೂರಕ್ಕೂ ಮಿಕ್ಕಿದ ಮೆಟ್ಟಿಲುಗಳು. ಮಂಡಿನೋವಿನಿಂದ ಆರು ವರ್ಷಗಳಿಂದ ಆಕೆ ಮೇಲೆ ಹೋಗಿರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ, ತುಂಬಿದ ಸಭೆಯ ನಡುವೆ ನಿಂತಿದ್ದೇನೆಂಬುದನ್ನು ಮರೆತು, ಕೈಮುಗಿದು ಣಮೋಕಾರ ಮಂತ್ರ ಹೇಳತೊಡಗಿದರು. ಕನ್ನಡಕ ತೆಗೆದಾಗ ಕಣ್ಣು ಒದ್ದೆಯಾಗಿತ್ತು.

ನನ್ನ ಸರದಿಗೆ ಹುಡುಗರು ಒಂದು ಆಟವನ್ನು ಹಾಕಿದರು. ಕಾಡು, ಕೊಳ, ಹಾರುವ ಹಕ್ಕಿಗಳು. ನನ್ನ ಕೈಯಲ್ಲಿ ಬಂದೂಕು. ಮೊದಲ ಹಕ್ಕಿಯನ್ನು ಸಂಕೋಚದಿಂದಲೇ ಹೊಡೆದೆ. ಐದನೆಯದರ ಹೊತ್ತಿಗೆ ಸಂಕೋಚ ಹೋಗಿತ್ತು. ಕೊನೆಗೆ ಹದಿನೇಳಾಗಿತ್ತು. ತಪ್ಪಿಸಿಕೊಂಡ ಒಂದಕ್ಕಾಗಿ ಹಲ್ಲು ಕಡಿದೆ, ‘ಇನ್ನೊಂದು ಸಲ’ ಎಂದು ಕೇಳಿದೆ. ಆ ಮಾತು ನನ್ನ ಬಾಯಿಂದಲೇ ಬಂತೆಂಬುದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಅಂದು ಸಂಜೆ ಸಾಮಾಯಿಕಕ್ಕೆ ಕುಳಿತಾಗ ಕಣ್ಣ ಮುಂದೆ ಹಕ್ಕಿಗಳೇ ಉರುಳುತ್ತಿದ್ದವು. ಮೊಮ್ಮಗನಿಗೆ ಹೇಳಿದರೆ ಅವನು ನಕ್ಕು, “ತಾತ, ಅವು ಬರೀ ಬೆಳಕಿನ ಚುಕ್ಕಿಗಳು. ಯಾರು ಸತ್ತರು ಹೇಳಿ?” ಎಂದ. ನ್ಯಾಯವಾದ ಪ್ರಶ್ನೆಯೇ. ಆದರೆ ಇದಕ್ಕೆ ಉತ್ತರವನ್ನು ನಮ್ಮ ಜನ್ನ ಕವಿ 1209ರ ‘ಯಶೋಧರ ಚರಿತೆ’ಯಲ್ಲಿಯೇ ಕೊಟ್ಟಿದ್ದಾನೆ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದ ಯಶೋಧರ, ಜೀವದ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ. ಹಿಟ್ಟಿಗೆ ಪ್ರಾಣವಿರಲಿಲ್ಲ, ಕೊಲ್ಲುವ ಸಂಕಲ್ಪವಿತ್ತು. ಅದರ ಫಲವಾಗಿ ತಾಯಿ ಮಗ ಇಬ್ಬರೂ ತಿರ್ಯಗ್ಯೋನಿಯಲ್ಲಿ ಜನ್ಮಜನ್ಮಾಂತರ ತೊಳಲಿದರು. ದ್ರವ್ಯಹಿಂಸೆಯಿಲ್ಲದೆಯೂ ಭಾವಹಿಂಸೆಯುಂಟು, ಅದಕ್ಕೂ ಕರ್ಮಬಂಧವುಂಟು ಎಂಬುದೇ ಆ ಕಥೆಯ ಸಾರ. ಹಿಟ್ಟಿನ ಜಾಗದಲ್ಲಿ ಇಂದು ಬೆಳಕು ಬಂದಿದೆ, ಅಷ್ಟೆ.

ಇಷ್ಟಕ್ಕೇ ಯಂತ್ರವನ್ನು ದೂಷಿಸಿ ಮುಗಿಸುವಂತಿಲ್ಲ. ನಾನು ಬಿ.ಕಾಂ. ಓದಿ ವ್ಯಾಪಾರಕ್ಕೆ ಇಳಿದವನು. ದ್ವಿನಮೂದು ಪದ್ಧತಿಯಲ್ಲಿ ಖರ್ಚಿನ ಕಡೆಗೆ ಒಂದು ನ್ಯಾಯ, ಜಮೆಯ ಕಡೆಗೆ ಇನ್ನೊಂದು ನ್ಯಾಯವಿಲ್ಲ. ಇಲ್ಲದ ಹಕ್ಕಿಯನ್ನು ಕೊಂದದ್ದರಲ್ಲಿ ಪಾಪವಿದೆಯೆಂದರೆ, ಎದುರಿಗಿಲ್ಲದ ಬಸದಿಗೆ ಶ್ರೀಮತಿಯವರು ಕೈಮುಗಿದ ಭಕ್ತಿಯೂ ಸುಳ್ಳಲ್ಲವೆಂದು ಒಪ್ಪಲೇಬೇಕು. ತತ್ತ್ವಾರ್ಥಸೂತ್ರವು ನಾಮ, ಸ್ಥಾಪನಾ, ದ್ರವ್ಯ, ಭಾವ ಎಂಬ ನಾಲ್ಕು ನಿಕ್ಷೇಪಗಳನ್ನು ಹೇಳುತ್ತದೆ. ಶಿಲೆಯಲ್ಲಿ ಜಿನೇಂದ್ರನನ್ನು ಕಾಣುವುದೂ ಸ್ಥಾಪನೆಯೇ. ಇದೇ ಕನ್ನಡಕದಲ್ಲಿ ವೈದ್ಯ ವಿದ್ಯಾರ್ಥಿಗಳು ಶಸ್ತ್ರಚಿಕಿತ್ಸೆಯನ್ನೂ ಅಭ್ಯಾಸ ಮಾಡುತ್ತಾರೆ. ಅಲ್ಲಿಯೂ ದೇಹವನ್ನು ಸೀಳುವುದುಂಟು; ಆದರೆ ಭಾವ ಉಳಿಸುವುದು, ಕೊಲ್ಲುವುದಲ್ಲ.

ನಮ್ಮ ಬಸದಿಯ ಆಡಳಿತ ಮಂಡಳಿಯಲ್ಲಿ, ಬೆಟ್ಟ ಹತ್ತಲಾರದ ಹಿರಿಯರಿಗಾಗಿ ಇಂತಹ ಒಂದು ಕನ್ನಡಕ ತರಿಸುವ ಸಲಹೆ ಬಂದಾಗ ಕೆಲವರು ವಿರೋಧಿಸಿದರು. ಇಂದು ಹಿರಿಯರಿಗೆಂದು ತಂದದ್ದು ನಾಳೆ ಸೋಮಾರಿಗಳ ದರ್ಶನವಾಗುತ್ತದೆ ಎಂಬ ಅವರ ಆತಂಕ ಸುಳ್ಳಲ್ಲ. ಮೆಟ್ಟಿಲು ಹತ್ತುವಾಗಿನ ಬೆವರು, ಕಾಲಡಿಯ ಇರುವೆಯನ್ನು ಕಂಡು ಹೆಜ್ಜೆ ತಪ್ಪಿಸುವ ಎಚ್ಚರ, ಇವು ಕನ್ನಡಕದಲ್ಲಿ ಸಿಗುವುದಿಲ್ಲ. ನಾನು ಸಲಹೆಯನ್ನು ಬೆಂಬಲಿಸಿದೆ. ಆದರೆ ಅದು ಅಶಕ್ತರಿಗೆ ಮಾತ್ರ, ಅದರ ಮುಂದೆ ಕಾಣಿಕೆ ಡಬ್ಬಿ ಇಡಕೂಡದು, ಅದು ಪೂಜೆ ಅಭಿಷೇಕಗಳಿಗೆ ಬದಲಿಯಾಗಕೂಡದು ಎಂಬ ನಿಬಂಧನೆಗಳೊಡನೆ.

ಮನೆಮನೆಯಲ್ಲಿ ಮಕ್ಕಳು ಫೋನಿನಲ್ಲಿ ಕೊಲ್ಲುವ ಆಟಗಳನ್ನು ಆಡುತ್ತಿದ್ದಾರೆ. ‘ಸುಮ್ಮನೆ ಕುಳಿತಿದೆಯಲ್ಲ’ ಎಂದು ನಾವು ನೆಮ್ಮದಿಯಾಗಿರುತ್ತೇವೆ. ಅವರನ್ನು ಗದರಿಸುವ ಅಧಿಕಾರ ನನಗಿಲ್ಲ. ಹದಿನೇಳರ ಲೆಕ್ಕ ನನ್ನ ಹೆಸರಿನಲ್ಲಿಯೇ ಇದೆ. ಪಕ್ಕದಲ್ಲಿ ಕುಳಿತು ‘ಈಗ ನಿನ್ನ ಮನಸ್ಸಿನಲ್ಲಿ ಏನಾಯಿತು?’ ಎಂದು ಕೇಳಬಹುದು. ಮೊಮ್ಮಗನನ್ನು ನಾನು ಹಾಗೆ ಕೇಳಿದೆ. ಅವನು ಬಹಳ ಹೊತ್ತು ಉತ್ತರ ಕೊಡಲಿಲ್ಲ, ನಗಲೂ ಇಲ್ಲ.