ಕಡಕ್ ರೊಟ್ಟಿ ಮುಗಿದ ಮೇಲೆ ಲಂಡನ್ನಿನಲ್ಲಿ ಏನು ತಿನ್ನೋದು?

ಮೂರು ತಿಂಗಳ ಪ್ರಾಜೆಕ್ಟಿಗೆ ಲಂಡನ್ನಿಗೆ ಹೋಗಬೇಕು ಅಂತ ಆಫೀಸಿನಲ್ಲಿ ಹೇಳಿದಾಗ ನಾನು ವೀಸಾ ಚಿಂತೆ ಮಾಡ್ತಿದ್ದೆ. ಬನಹಟ್ಟಿಯಲ್ಲಿ ಅವ್ವ ರೊಟ್ಟಿ ಲೆಕ್ಕ ಹಾಕ್ತಿದ್ದಳು. ಅರವತ್ತು ಕಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ, ಒಂದು ಡಬ್ಬಿ ಗುರೆಳ್ಳು ಹಿಂಡಿ, ಮುಧೋಳದ ಮಾವ ಕೊಟ್ಟ ಬೆಲ್ಲ. ಬ್ಯಾಗಿನಲ್ಲಿ ಬಟ್ಟೆಗಿಂತ ಬುತ್ತಿಯೇ ಭಾರ ಆಗಿತ್ತು.

ಮೊದಲ ಮೂರು ವಾರ ನಾನು ಲಂಡನ್ ತಿನ್ನಲೇ ಇಲ್ಲ. ಮಧ್ಯಾಹ್ನ ಟೀಮಿನವರು ಊಟಕ್ಕೆ ಎದ್ದರೆ "ನಂದೊಂದು ಕಾಲ್ ಇದೆ" ಅಂತ ಕೂತುಬಿಡ್ತಿದ್ದೆ. ರಾತ್ರಿ ರೂಮಿಗೆ ಹೋಗಿ ರೊಟ್ಟಿ ಮುರಿಯೋದು, ಹಿಂಡಿಗೆ ಮೊಸರು ಕಲಸೋದು, ಮೊಬೈಲ್ ನೋಡ್ತಾ ಉಣ್ಣೋದು. ಇಪ್ಪತ್ತೆರಡನೇ ದಿನ ಡಬ್ಬಿಯಲ್ಲಿ ಪುಡಿ ಮಾತ್ರ ಉಳಿಯಿತು. ಆಮೇಲೆ ಬ್ರೆಡ್ಡು, ಬಾಳೆಹಣ್ಣು.

ಅಪ್ಪ ದಿನಾ ಫೋನ್ ಮಾಡೋನು. ಊರಲ್ಲಿ ರಾತ್ರಿ ಒಂಬತ್ತಾದಾಗ ಇಲ್ಲಿ ಸಂಜೆ ನಾಲ್ಕೂವರೆ. ಕೇಳೋದು ಒಂದೇ ಮಾತು.

"ತಮ್ಮಾ, ಊಟಾ ಆತೇನು?"

"ಆತಪಾ."

ಅಷ್ಟೇ. ಅರ್ಧ ದಿನ ಅದು ಸುಳ್ಳಾಗಿರ್ತಿತ್ತು.

1888ರಲ್ಲಿ ಓದಲಿಕ್ಕೆ ಲಂಡನ್ನಿಗೆ ಬಂದ ಗಾಂಧೀಜಿಯದೂ ಇದೇ ಪಾಡು. ಮಾಂಸ ಮುಟ್ಟೋದಿಲ್ಲ ಅಂತ ತಾಯಿಗೆ ಮಾತು ಕೊಟ್ಟಿದ್ದರು. ಅರೆಹೊಟ್ಟೆಯಲ್ಲಿ ಮೈಲುಗಟ್ಟಲೆ ನಡೆದು ನಡೆದು, ಕೊನೆಗೆ ಫ್ಯಾರಿಂಗ್ಡನ್ ಸ್ಟ್ರೀಟಿನಲ್ಲಿ ಒಂದು ಸಸ್ಯಾಹಾರಿ ಹೋಟೆಲ್ ಕಂಡಾಗ ಆದ ಖುಷಿಯನ್ನು ಆತ್ಮಕಥೆಯಲ್ಲಿ ಬರೆದಿದ್ದಾರೆ. ಅವರದು ಆಣೆ. ನನ್ನದು ಬರೀ ಅಂಜಿಕೆ. ತಟ್ಟೆಯಲ್ಲಿ ಏನಿರುತ್ತೋ, ಕೇಳಿದರೆ ನಗ್ತಾರೋ ಅನ್ನೋ ಅಂಜಿಕೆ.

ಅದನ್ನು ಬಿಡಿಸಿದ್ದು ನಮ್ಮ ಟೀಮಿನ ಹಿರಿಯ ಸಹೋದ್ಯೋಗಿ. ವಯಸ್ಸು ಐವತ್ತರ ಮೇಲೆ, ಮ್ಯಾಂಚೆಸ್ಟರ್ ಕಡೆಯವರು. ಒಂದಿನ ಕಾಫಿ ಕುಡಿಯುವಾಗ "ನಿಮ್ಮ ತಂದೆ ಏನು ಮಾಡ್ತಾರೆ?" ಅಂತ ಕೇಳಿದರು. "ನೇಕಾರ" ಅಂದೆ. ಅವರು ಕಪ್ಪು ಕೆಳಗಿಟ್ಟರು. ಅವರ ಅಜ್ಜಿಯೂ ಹತ್ತಿ ಮಿಲ್ಲಿನಲ್ಲಿ ನೇಯುತ್ತಿದ್ದರಂತೆ. "ನಾಳೆಯಿಂದ ನೀನು ನನ್ನ ಜೊತೆ ಊಟಕ್ಕೆ ಬಾ" ಅಂದರು. ನಮ್ಮ ಕಡೆಯಿಂದ ಲಂಡನ್ನಿಗೆ ಹೊರಟವರಿಗೆ ಹೇಳಬೇಕಾದ್ದೆಲ್ಲ ನಾನು ಕಲಿತದ್ದು ಆಮೇಲೆ.

ಪ್ಲೌಮನ್ಸ್ ಲಂಚ್: ಹೊಲದ ಬುತ್ತಿ

ಮೊದಲು ಕರೆದುಕೊಂಡು ಹೋದದ್ದು ಒಂದು ಪಬ್ಬಿಗೆ. ಪಬ್ ಅಂದ್ರೆ ಬರೀ ಕುಡಿಯೋ ಜಾಗ ಅಂತ ನಾನು ತಿಳ್ಕೊಂಡಿದ್ದೆ. ಅಲ್ಲಿ ಮನೆಮಂದಿಯೆಲ್ಲ ಕೂತು ಊಟ ಮಾಡ್ತಿದ್ದರು. ಪ್ಲೌಮನ್ಸ್ ಲಂಚ್ ಅಂದರೆ ನೇಗಿಲು ಹೊಡೆಯೋನ ಊಟ. ಮರದ ಹಲಗೆ ಮೇಲೆ ದಪ್ಪ ಬ್ರೆಡ್ಡು, ಚೆಡ್ಡಾರ್ ಚೀಸಿನ ತುಂಡು, ವಿನೆಗರಿನಲ್ಲಿ ನೆನೆದ ಉಳ್ಳಾಗಡ್ಡಿ, ಸಿಹಿ-ಹುಳಿ ಉಪ್ಪಿನಕಾಯಿ, ಸೇಬು.

ನನಗೆ ತಕ್ಷಣ ಬೀಳಗಿಯ ಅತ್ತೆಯ ಹೊಲ ನೆನಪಾಯ್ತು. ಬದುವಿನ ಮೇಲೆ ಬುತ್ತಿ ಬಿಚ್ಚಿ, ಉಳ್ಳಾಗಡ್ಡಿಯನ್ನ ಮುಷ್ಟಿಯಿಂದ ಗುದ್ದಿ ಒಡೆದು, ರೊಟ್ಟಿ, ಹಿಂಡಿ, ಗಟ್ಟಿ ಮೊಸರು. ಲೆಕ್ಕ ಒಂದೇ: ಧಾನ್ಯದ್ದೊಂದು, ಹಾಲಿನದೊಂದು, ಖಾರದ್ದೊಂದು, ಒಂದು ಉಳ್ಳಾಗಡ್ಡಿ.

ತಮಾಷೆ ಅಂದ್ರೆ ಊಟ ಹಳೆಯದಾದರೂ ಈ ಹೆಸರು ಜನಪ್ರಿಯವಾದದ್ದು ಈಚೆಗೆ. ಎರಡನೇ ಮಹಾಯುದ್ಧದ ಕಾಲದ ರೇಷನ್ 1954ರಲ್ಲಿ ಮುಗಿದ ಮೇಲೆ ಚೀಸ್ ಮಾರಾಟ ಹೆಚ್ಚಿಸಲು ಆ ಉದ್ಯಮದವರೇ ಈ ಹೆಸರನ್ನ ಪಬ್ಬುಗಳಲ್ಲಿ ಪ್ರಚಾರ ಮಾಡಿದರು. ಹೊಲದವನ ಬುತ್ತಿಗೆ ಮಾರ್ಕೆಟಿಂಗ್ ಟೀಮ್ ಸಿಕ್ಕ ಕತೆ. ನಮ್ಮ ರೊಟ್ಟಿ-ಹಿಂಡಿಗೆ ಇನ್ನೂ ಸಿಕ್ಕಿಲ್ಲ.

ಸಸ್ಯಾಹಾರಿಗಳು ಗಮನಿಸಿ: ಕೆಲವು ಕಡೆ ಹ್ಯಾಮ್ ಕೂಡ ಇಡ್ತಾರೆ, ಬೇಡ ಅನ್ನಿ. ಕೆಲವು ಚೀಸಿಗೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿರ್ತಾರೆ. ಅಂಗಡಿಯಲ್ಲಿ ಕೊಳ್ಳುವಾಗ ಪ್ಯಾಕಿನ ಮೇಲೆ ವೆಜಿಟೇರಿಯನ್ ಅಂತ ಇದೆಯಾ ನೋಡಿ.

ಪಾಸ್ಟಿ: ದೊಡ್ಡ ಕರ್ಚಿಕಾಯಿ

ಲಂಡನ್ನಿನ ದೊಡ್ಡ ರೈಲ್ವೆ ಸ್ಟೇಷನ್‌ಗಳಲ್ಲಿ ಬಿಸಿ ಬಿಸಿ ಪಾಸ್ಟಿ ಸಿಗುತ್ತೆ. ನೋಡಿದ ಕೂಡಲೇ ನಗು ಬಂತು. ಅರ್ಧಚಂದ್ರದ ಆಕಾರ, ಅಂಚಿಗೆ ಹೆಣಿಗೆ. ಅವ್ವ ದೀಪಾವಳಿಗೆ ಮಾಡೋ ಕರ್ಚಿಕಾಯಿಯೇ, ಅಂಗೈಗಿಂತ ದೊಡ್ಡದು ಅಷ್ಟೇ. ಒಳಗೆ ಕೊಬ್ಬರಿ-ಸಕ್ಕರೆ ಬದಲು ಆಲೂಗಡ್ಡೆ, ಉಳ್ಳಾಗಡ್ಡಿ, ಸ್ವೀಡ್ ಅನ್ನೋ ಗಡ್ಡೆ ಮತ್ತು ದನದ ಮಾಂಸ. ನಮ್ಮಂಥವರಿಗೆ ಚೀಸ್-ಉಳ್ಳಾಗಡ್ಡಿಯದು ಇದೆ.

ಇದು ಕಾರ್ನ್‌ವಾಲ್‌ನ ತವರದ ಗಣಿ ಕೆಲಸಗಾರರ ಬುತ್ತಿ. ಕೊಳೆಯಾದ ಕೈಯಿಂದ ದಪ್ಪ ಅಂಚನ್ನು ಹಿಡಿದು ತಿಂದು, ಆ ಅಂಚನ್ನು ಎಸೆದುಬಿಡ್ತಿದ್ದರು ಅಂತ ಕತೆ ಹೇಳ್ತಾರೆ. ನಮ್ಮ ಇಳಕಲ್ ಸೀರೆಗೆ ಜಿಐ ಟ್ಯಾಗ್ ಇರೋ ಹಾಗೆ ಕಾರ್ನಿಷ್ ಪಾಸ್ಟಿಗೂ 2011ರಲ್ಲಿ ಅಂಥದ್ದೇ ರಕ್ಷಣೆ ಸಿಕ್ಕಿದೆ. ಕಾರ್ನ್‌ವಾಲ್‌ನಲ್ಲಿ ತಯಾರಾಗದಿದ್ದರೆ ಆ ಹೆಸರಲ್ಲಿ ಮಾರೋ ಹಾಗಿಲ್ಲ.

ಫಿಶ್ ಅಂಡ್ ಚಿಪ್ಸ್: ಮೀನು ಬಿಟ್ಟವರಿಗೆ ಬಟಾಣಿ

ಇಂಗ್ಲೆಂಡಿಗೆ ಹೋಗಿ ಇದನ್ನ ತಿನ್ನದೆ ಬಂದರೆ ಯಾರೂ ನಂಬೋದಿಲ್ಲ. ಹಿಟ್ಟಿನಲ್ಲಿ ಅದ್ದಿ ಮೀನು ಕರಿಯುವುದನ್ನು ತಂದವರು ಹೊರಗಿನಿಂದ ವಲಸೆ ಬಂದ ಯಹೂದಿಗಳು. ಅದಕ್ಕೆ ಆಲೂಗಡ್ಡೆ ಚಿಪ್ಸ್ ಜೋಡಿಸಿ ಮಾರಿದ ಮೊದಲ ಅಂಗಡಿ ಯಾವುದು ಅನ್ನೋದಕ್ಕೆ ಇವತ್ತಿಗೂ ಜಗಳ ಇದೆ. 1860ರ ಹೊತ್ತಿಗೆ ಪೂರ್ವ ಲಂಡನ್ನಿನಲ್ಲಿ ಜೋಸೆಫ್ ಮಾಲಿನ್ ತೆಗೆದದ್ದು ಅಂತ ಒಬ್ಬರು, 1863ರ ಹೊತ್ತಿಗೆ ಮಾಸ್ಲಿ ಅನ್ನೋ ಊರಲ್ಲಿ ಜಾನ್ ಲೀಸ್ ಶುರು ಮಾಡಿದ್ದು ಅಂತ ಇನ್ನೊಬ್ಬರು. ಎರಡನೇ ಮಹಾಯುದ್ಧದಲ್ಲಿ ಬಹಳಷ್ಟು ಆಹಾರಕ್ಕೆ ರೇಷನ್ ಇದ್ದಾಗಲೂ ಸರ್ಕಾರ ಇದನ್ನ ಮಾತ್ರ ರೇಷನ್ನಿಗೆ ಹಾಕಲಿಲ್ಲ.

ನಾನು ತಿಂದದ್ದು ಚಿಪ್ಸ್ ಮತ್ತು ಮಶಿ ಪೀಸ್. ಒಣ ಬಟಾಣಿಯನ್ನ ರಾತ್ರಿಯಿಡೀ ಸೋಡಾ ಹಾಕಿ ನೆನೆಸಿ, ಬೆಂದು ಕರಗೋ ತನಕ ಕುದಿಸ್ತಾರೆ. ಚಿಪ್ಸ್ ಮೇಲೆ ಉಪ್ಪು, ವಿನೆಗರ್ ಸುರೀರಿ. ಒಂದು ಕಾಲದಲ್ಲಿ ಇದನ್ನ ಕಟ್ಟಿ ಕೊಡ್ತಿದ್ದದ್ದೂ ನ್ಯೂಸ್‌ಪೇಪರಿನಲ್ಲೇ, ನಮ್ಮೂರ ಮಿರ್ಚಿ ಭಜಿ ಹಾಗೆ. ಒಂದು ಎಚ್ಚರಿಕೆ: ಕೆಲವು ಅಂಗಡಿಗಳಲ್ಲಿ, ಅದರಲ್ಲೂ ಉತ್ತರದ ಕಡೆ, ದನದ ಕೊಬ್ಬಿನಲ್ಲಿ ಕರೀತಾರೆ. ಎಣ್ಣೆ ಯಾವುದು, ಮೀನಿನ ಜೊತೆ ಕರಿದದ್ದಾ ಅಂತ ಕೇಳಿ. ನಾನು ಕೇಳಿದೆ. ಯಾರೂ ನಗಲಿಲ್ಲ.

ಮಾಸ್ಲಿ ಅನ್ನೋದು ಹತ್ತಿ ಮಿಲ್ಲುಗಳ ಊರು ಅಂತ ನನಗೆ ಹೇಳಿದ್ದು ಆ ಸಹೋದ್ಯೋಗಿಯೇ. ಗಂಡ-ಹೆಂಡತಿ ಇಬ್ಬರೂ ಮಿಲ್ಲಿಗೆ ಹೋಗೋ ಮನೆಯಲ್ಲಿ ಸಂಜೆ ಒಲೆ ಹಚ್ಚೋರು ಯಾರು? ಅದಕ್ಕೇ ಆ ಊರುಗಳಲ್ಲಿ ಬೀದಿಗೊಂದು ಚಿಪ್ಸ್ ಅಂಗಡಿ ಹುಟ್ಟಿಕೊಂಡಿತು. ಅಮೆರಿಕದ ಅಂತರ್ಯುದ್ಧದಿಂದ 1861ರ ನಂತರ ಅಲ್ಲಿನ ಹತ್ತಿ ಬರೋದು ನಿಂತಾಗ ಆ ಮಿಲ್ಲುಗಳು ಭಾರತದ ಹತ್ತಿಗೆ ಕೈಚಾಚಿದವು. ನಮ್ಮ ಧಾರವಾಡ ಸೀಮೆಯ ಹತ್ತಿಯೂ ಹಡಗು ಹತ್ತಿತು. ಅಲ್ಲಿ ಬಟ್ಟೆಯಾಗಿ ವಾಪಸ್ ಬಂದದ್ದು ನಮ್ಮ ಕೈಮಗ್ಗದವರ ಹೊಟ್ಟೆ ಮೇಲೆ ಹೊಡೀತು. ಅಪ್ಪನ ಬಾಯಲ್ಲಿ "ಮ್ಯಾಂಚೆಸ್ಟರ್" ಅಂದ್ರೆ ಅರ್ಧ ಬೈಗುಳ. ಆದರೆ ಅಲ್ಲಿ ನೇಯ್ದವರೂ ದಣಿದು ಬಂದು ಕಾಗದದ ಪೊಟ್ಟಣದಲ್ಲಿ ಉಂಡವರೇ ಅಂತ ನಾನು ಯೋಚನೆ ಮಾಡಿರಲಿಲ್ಲ.

ಮಗ್ಗದ ಸದ್ದಿನಲ್ಲಿ ಒಂದು ಫೋನು

ಒಂದು ಶನಿವಾರ ಅವರ ಜೊತೆ ರೈಲು ಹತ್ತಿ ಮ್ಯಾಂಚೆಸ್ಟರ್ ಹತ್ತಿರದ ಕ್ವಾರಿ ಬ್ಯಾಂಕ್ ಮಿಲ್ಲಿಗೆ ಹೋದೆ. 1784ರಲ್ಲಿ ಶುರುವಾದ ಹತ್ತಿ ಮಿಲ್ಲು, ಈಗ ಮ್ಯೂಸಿಯಂ. ಬಡ ಮಕ್ಕಳನ್ನ ಅಪ್ರೆಂಟಿಸ್ ಅಂತ ಇಟ್ಟುಕೊಂಡು ಇಲ್ಲಿ ದುಡಿಸುತ್ತಿದ್ದರು. ಅವರಿಗೆ ಕೊಡುತ್ತಿದ್ದದ್ದು ಓಟ್ಸಿನ ಗಟ್ಟಿ ಗಂಜಿ. ಒಳಗೆ ಹಳೆ ಮಗ್ಗಗಳನ್ನ ಓಡಿಸಿ ತೋರಿಸ್ತಾರೆ. ಮಗ್ಗ ಶುರುವಾದ ಕೂಡಲೇ ನಾನು ಅಲ್ಲೇ ನಿಂತುಬಿಟ್ಟೆ. ಆ ಖಟಖಟ ನನಗೆ ಜೋಗುಳ ಇದ್ದ ಹಾಗೆ.

ಎರಡು ವರ್ಷದ ಹಿಂದೆ ಅಪ್ಪ ನಮ್ಮ ನಾಲ್ಕು ಪವರ್‌ಲೂಮ್ ಮಾರಿದ. ಮಾರಿಸಿದವನು ನಾನೇ. "ಸಾಕ್ ಬಿಡಪಾ, ಮೊಣಕಾಲು ನೋವು, ನೂಲಿನ ರೇಟ್ ನೋಡಿದ್ರ ಉಳಿಯೂದೇನೈತಿ? ನಾ ಗಳಿಸ್ತೀನಲ್ಲ" ಅಂದಿದ್ದೆ. ಆ ಮಗ್ಗದಿಂದಲೇ ನನ್ನ ಇಂಜಿನಿಯರಿಂಗ್ ಫೀ ಕಟ್ಟಿದ್ದು. ಮಾರಿದ ಮೇಲೆ ಅಪ್ಪನ ಊಟದ ಹೊತ್ತು ತಪ್ಪಿತು. ಮೊದಲು ಅವ್ವ ಮಗ್ಗದ ಶೆಡ್ಡಿನ ಬಾಗಿಲಲ್ಲಿ ನಿಂತು ಐದು ಬೆರಳು ಕೂಡಿಸಿ ಬಾಯಿಗೆ ಒಯ್ದು ತೋರಿಸ್ತಿದ್ದಳು. ಸದ್ದಿನಲ್ಲಿ ಕೂಗಿದರೆ ಕೇಳಿಸದು. ಅಪ್ಪ ಮಗ್ಗ ನಿಲ್ಲಿಸಿ ಬರ್ತಿದ್ದ. ಈಗ ನಿಲ್ಲಿಸೋಕೆ ಮಗ್ಗವೇ ಇಲ್ಲ. "ಹಸಿವಿಲ್ಲ" ಅಂತ ಕಟ್ಟೆ ಮೇಲೆ ಕೂತಿರ್ತಾನೆ.

ಅಲ್ಲಿಂದಲೇ ವಿಡಿಯೋ ಕಾಲ್ ಹಚ್ಚಿದೆ. ಏನೂ ಹೇಳದೆ ಫೋನನ್ನ ಮಗ್ಗದ ಕಡೆ ತಿರುಗಿಸಿದೆ. ಅಪ್ಪ ಮೊದಲು ಗಾಬರಿಯಾದ, ಆಮೇಲೆ ಫೋನನ್ನ ಮುಖದ ಹತ್ತಿರ ಹಿಡಿದು ನೋಡಿದ. ಏನೋ ಹೇಳಿದ, ಸದ್ದಿನಲ್ಲಿ ಒಂದಕ್ಷರವೂ ಕೇಳಲಿಲ್ಲ. ನಾನು ಕಿವಿ ಮುಟ್ಟಿ ತಲೆ ಅಲ್ಲಾಡಿಸಿದೆ. ಆಗ ಅಪ್ಪ ಐದು ಬೆರಳು ಕೂಡಿಸಿ ಬಾಯಿಗೆ ಒಯ್ದ.

ಉಂಡೇನು?

ಹೂಂ ಅಂತ ತಲೆ ಹಾಕಿದೆ. ಬೆಳಿಗ್ಗೆ ಸ್ಟೇಷನ್ನಿನಲ್ಲಿ ಒಂದು ಪೂರ್ತಿ ಪಾಸ್ಟಿ ತಿಂದಿದ್ದೆ. ಅವತ್ತು ಸುಳ್ಳು ಹೇಳೋ ಪ್ರಸಂಗ ಬರಲಿಲ್ಲ.

ಪಕ್ಕದಲ್ಲಿದ್ದ ಸಹೋದ್ಯೋಗಿ ನೋಡ್ತಿದ್ದರು. ಹೊರಗೆ ಬಂದ ಮೇಲೆ ಹೇಳಿದರು: ಲ್ಯಾಂಕಾಷೈರಿನ ಮಿಲ್ಲಿನ ಹೆಂಗಸರೂ ಸದ್ದಿನ ನಡುವೆ ತುಟಿ ಅಲ್ಲಾಡಿಸಿ, ಕೈಸನ್ನೆ ಮಾಡಿಯೇ ಮಾತಾಡ್ತಿದ್ದರು. ಅವರ ಅಜ್ಜಿ ಕೆಲಸ ಬಿಟ್ಟ ಮೇಲೂ ಮನೆಯಲ್ಲಿ ಹಾಗೇ ಮಾತಾಡೋರಂತೆ.

ಸಂಜೆ ಅಪ್ಪನೇ ಮತ್ತೆ ಫೋನ್ ಮಾಡಿದ. "ಆ ಮಗ್ಗ ಭಾಳ ಸಾವಕಾಶ ಹೊಡೀತೈತಿ ನೋಡು. ನಮ್ಮವು ಚಲೋ ಇದ್ದೂ" ಅಂದ. ಮಾರಿದ ಮೇಲೆ ಮಗ್ಗದ ಮಾತು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು. ಅರ್ಧ ತಾಸು ಅದನ್ನೇ ಮಾತಾಡಿದ.

ಇನ್ನೂ ಕೆಲವು

ಸಂಡೇ ರೋಸ್ಟ್: ಭಾನುವಾರ ಮಧ್ಯಾಹ್ನ ಪಬ್ಬುಗಳಲ್ಲಿ ಸಿಗೋ ದೊಡ್ಡ ಊಟ. ನಮ್ಮಲ್ಲಿ ಅಮಾವಾಸ್ಯೆ ಹೋಳಿಗೆಗೆ ಮನೆಮಂದಿ ಸೇರೋ ಹಾಗೆ ಎಲ್ಲರೂ ಸೇರ್ತಾರೆ. ಸಸ್ಯಾಹಾರಿಗಳಿಗೆ ಕಾಳು-ಬೀಜಗಳ ನಟ್ ರೋಸ್ಟ್ ಇರುತ್ತೆ. ಮೇಲೆ ಹಾಕೋ ಗ್ರೇವಿ ಮಾಂಸದ್ದಾ ಅಂತ ಕೇಳಿ. ಯಾರ್ಕ್‌ಷೈರ್ ಪುಡ್ಡಿಂಗ್ ಅನ್ನೋದು ಸಿಹಿ ಅಲ್ಲ, ಮೊಟ್ಟೆ ಹಾಕಿದ ಹಿಟ್ಟಿನ ಉಬ್ಬು ರೊಟ್ಟಿ. ಸಸ್ಯಾಹಾರ ಕೇಳೋಕೆ ಸಂಕೋಚ ಬೇಡ. ಇಂಗ್ಲೆಂಡಿನ ವೆಜಿಟೇರಿಯನ್ ಸೊಸೈಟಿ ಹುಟ್ಟಿದ್ದೇ 1847ರಲ್ಲಿ.

ಪೈ ಅಂಡ್ ಮ್ಯಾಶ್: ಪೂರ್ವ ಲಂಡನ್ನಿನ ಕೂಲಿಕಾರರ ಊಟ. ಟವರ್ ಬ್ರಿಡ್ಜ್ ರೋಡಿನ ಮಾಂಜೆ ಅಂಗಡಿ ಇರೋ ಜಾಗದಲ್ಲಿ 1892ರಿಂದ ಪೈ ಮಾರ್ತಿದ್ದಾರೆ. ಮೇಲೆ ಹಾಕೋ ಹಸಿರು ಸಾಸಿಗೆ ಲಿಕರ್ ಅಂತಾರೆ, ಅದರಲ್ಲಿ ಮದ್ಯ ಇಲ್ಲ. ಆದರೆ ಮೊದಲಿನಿಂದ ಅದನ್ನ ಹಾವುಮೀನು ಬೇಯಿಸಿದ ನೀರಿನಲ್ಲಿ ಮಾಡ್ತಿದ್ದರು. ಕೇಳಿ ತಿನ್ನಿ.

ಕ್ರೀಮ್ ಟೀ: ಸ್ಕೋನ್ ಅನ್ನೋ ಬನ್ನು, ಜಾಮ್, ನಮ್ಮ ಹಾಲಿನ ಕೆನೆಯಂಥ ದಪ್ಪ ಕ್ರೀಮ್, ಚಹಾ. ಡೆವನ್‌ನವರು ಮೊದಲು ಕ್ರೀಮ್ ಹಚ್ತಾರೆ, ಕಾರ್ನ್‌ವಾಲ್‌ನವರು ಮೊದಲು ಜಾಮ್. ಇದಕ್ಕೂ ಜಗಳ. ಸ್ಕೋನಿನಲ್ಲಿ ಮೊಟ್ಟೆ ಇರಬಹುದು. ನಮ್ಮನೇಲಿ ಮೊಟ್ಟೆ ಇಲ್ಲ, ಆದರೆ ಹುಟ್ಟುಹಬ್ಬದ ಕೇಕಿಗೆ ಕಣ್ಣು ಮುಚ್ಕೋತೀವಿ. ಇಲ್ಲೂ ಮುಚ್ಚಿದೆ.

ಕಸ್ಟರ್ಡ್: ಸೇಬಿನ ಕ್ರಂಬಲ್ ಮೇಲೆ ಬಿಸಿ ಹಳದಿ ಕಸ್ಟರ್ಡ್ ಸುರಿದು ಕೊಡ್ತಾರೆ. 1837ರಲ್ಲಿ ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್, ಹೆಂಡತಿಗೆ ಮೊಟ್ಟೆ ಒಗ್ಗುವುದಿಲ್ಲ ಅಂತ ಮೊಟ್ಟೆ ಇಲ್ಲದ ಕಸ್ಟರ್ಡ್ ಪುಡಿ ಕಂಡುಹಿಡಿದ. ಒಬ್ಬ ಗಂಡ ಹೆಂಡತಿಗಾಗಿ ಮಾಡಿದ್ದು ನಮ್ಮಂಥವರಿಗೂ ಆಯ್ತು. ಅವ್ವನಿಗೆ ಅಂತ ಒಂದು ಡಬ್ಬಿ ಕೊಂಡೆ.

ವಾಪಸ್ ಬನಹಟ್ಟಿಗೆ

ಊರಿಗೆ ಬಂದು ದೊಡ್ಡ ಉಡುಗೊರೆ ಅನ್ನೋ ಹಾಗೆ ಡಬ್ಬಿ ತೆಗೆದು ಕೊಟ್ಟೆ. ಅವ್ವ ತಿರುಗಿಸಿ ನೋಡಿ ನಕ್ಕಳು. "ಇದು ಜಮಖಂಡ್ಯಾಗ ಸಿಗತೈತಲ್ಲೋ! ಪ್ರತಿ ಮದುವ್ಯಾಗ ಫ್ರೂಟ್ ಸಲಾಡ್ ತಿಂದೀಯಲ್ಲ, ಅದು ಮತ್ತೇನು?" ನಿಜ. ಲಂಡನ್ನಿಗೆ ಹೋಗೋ ಮೊದಲೇ ನಾನು ಒಂದು ಬ್ರಿಟಿಷ್ ತಿನಿಸನ್ನ ಬಟ್ಟಲುಗಟ್ಟಲೆ ತಿಂದಿದ್ದೆ, ಗೊತ್ತಿರಲಿಲ್ಲ ಅಷ್ಟೇ.

ಆದ್ದರಿಂದ ಹೋಗುವವರಿಗೆ ನನ್ನ ಮಾತು ಇಷ್ಟೇ. ಬುತ್ತಿ ಒಯ್ಯಿರಿ, ಆದರೆ ರೂಮಿನಲ್ಲಿ ಒಬ್ಬರೇ ಉಣ್ಣಬೇಡಿ. ಒಂದು ರೊಟ್ಟಿ ಆಫೀಸಿನವರಿಗೂ ಮುರಿದು ಕೊಡಿ, ಅವರ ತಟ್ಟೆಯಲ್ಲಿ ಏನಿದೆ ಅಂತ ಧೈರ್ಯವಾಗಿ ಕೇಳಿ.

ಅವತ್ತು ಮಧ್ಯಾಹ್ನ ಅವ್ವ ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಮಾಡಿದ್ದಳು. ಅಪ್ಪ ಖಾಲಿ ಶೆಡ್ಡಿನಲ್ಲಿ ಏನೋ ಹುಡುಕುತ್ತಾ ಕೂತಿದ್ದ. "ಕರೀ ಅವನ್ನ, ಹಸಿವಿಲ್ಲ ಅಂತಾನ" ಅಂದಳು. ನಾನು ಬಾಗಿಲಲ್ಲಿ ನಿಂತೆ. ಈಗ ಸದ್ದಿಲ್ಲ, ಕೂಗಿದರೂ ಕೇಳಿಸುತ್ತಿತ್ತು. ಆದರೂ ಐದು ಬೆರಳು ಕೂಡಿಸಿ ಬಾಯಿಗೆ ಒಯ್ದು ತೋರಿಸಿದೆ.

ಅಪ್ಪ ನಕ್ಕು, ಮೊಣಕಾಲ ಮೇಲೆ ಕೈಯೂರಿ ಎದ್ದು ಬಂದ.